ಗಾಡಿ ಯಾಕೆ ನಿಂತಿತು ಅಂತ ಗಾಡೀನೇ ಹೇಳ್ತದೆ

(ಸಂಘದ ವಾರ್ಷಿಕೋತ್ಸವದ ಮಧ್ಯಾಹ್ನದ ಗೋಷ್ಠಿಯಲ್ಲಿ ಆಡಿದ ಮಾತು. ಹೊತ್ತು ಸಾಲದೆ ಅವತ್ತು ಬಿಟ್ಟಿದ್ದನ್ನು ಇಲ್ಲಿ ಸೇರಿಸಿದ್ದೇನೆ.)



"ನೀನು ಬಿ.ಎ. ಓದೋನು, ಬಾಬಾಸಾಹೇಬರ ಬಗ್ಗೆ ಮಾತಾಡು" ಅಂತ ಸಂಘದವರು ಹೇಳಿದ್ರು. ನಾನು "ಇಂಜಿನ್ ಬಗ್ಗೆ ಮಾತಾಡ್ತೀನಿ" ಅಂದೆ. ಎಲ್ಲರೂ ನಕ್ಕರು. ನಕ್ಕಿದ್ದಕ್ಕೆ ಬೇಜಾರಿಲ್ಲ. ಆದರೆ ಒಂದು ಸಲ ನಮ್ಮ ಬೀದಿ ನೋಡಿ. ಕೋಸು, ಟೊಮೆಟೊ, ಬಾಳೆ ಹೇರಿಕೊಂಡು ಸತ್ಯಮಂಗಲಕ್ಕೋ ಚಾಮರಾಜನಗರಕ್ಕೋ ಗಾಡಿ ಓಡಿಸೋ ಹುಡುಗರು ಹೆಚ್ಚುಕಡಿಮೆ ಮನೆಗೊಬ್ಬರಿದ್ದಾರೆ. ಸ್ಟೀರಿಂಗ್ ನಮ್ಮ ಕೈಲಿ, ಆರ್.ಸಿ. ಬುಕ್ಕು ಇನ್ನೊಬ್ಬರ ಹೆಸರಲ್ಲಿ. ಗಾಡಿ ಓಡೋ ತನಕ ನಾವು ಒಳ್ಳೇ ಡ್ರೈವರು. ಗಾಡಿ ನಿಂತ ದಿನ ತಪ್ಪೆಲ್ಲ ನಮ್ಮದು.

ಬಾಬಾಸಾಹೇಬರೂ ಈ ಮಾತಿನೊಳಗೆ ಬರ್ತಾರೆ. 'ವೇಟಿಂಗ್ ಫಾರ್ ಎ ವೀಸಾ' ಅನ್ನೋ ತಮ್ಮ ನೆನಪಿನ ಬರಹದಲ್ಲಿ ಅವರು 1929ರ ಒಂದು ಸಂಗತಿ ಹೇಳ್ತಾರೆ. ಚಾಳೀಸ್‌ಗಾಂವ್ ಸ್ಟೇಷನ್ನಿಗೆ ಅವರು ಬಂದಿಳಿದಾಗ ಅಸ್ಪೃಶ್ಯರನ್ನು ಕೂರಿಸಿಕೊಂಡು ಟಾಂಗಾ ಹೊಡೆಯೋಕೆ ಒಬ್ಬ ಟಾಂಗಾವಾಲನೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಗಾಡಿ ಬಾಡಿಗೆಗೆ ಕೊಟ್ಟ, ತಾನು ಹೊಡೆಯಲ್ಲ ಅಂದ. ಅತಿಥಿಯನ್ನು ನಡೆಸಿಕೊಂಡು ಹೋಗೋದು ಮರ್ಯಾದೆ ಅಲ್ಲ ಅಂತ ಕೇರಿಯವನೇ ಒಬ್ಬ ಹೊಡೆಯೋಕೆ ಕೂತ. ಅವನಿಗೆ ಅಭ್ಯಾಸ ಇರಲಿಲ್ಲ. ದಾರೀಲಿ ಒಂದು ಮೋರಿಯ ಕಲ್ಲಿಗೆ ಚಕ್ರ ಸಿಕ್ಕಿ ಬಾಬಾಸಾಹೇಬರು ಹಾರಿ ಬಿದ್ದು ಕಾಲು ಮುರೀತು. ಓದಿದಾಗಿನಿಂದ ನನಗೆ ಆ ಟಾಂಗಾ ಹೊಡೆದವನದೇ ಯೋಚನೆ. ಅವನಿಗೆ ಪ್ರೀತಿ ಇತ್ತು, ಧೈರ್ಯ ಇತ್ತು. ಆ ಕಸುಬನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಈಗ ನಮ್ಮ ಚಿಕ್ಕಪ್ಪನ ವಿಷಯ. ಅವರು ಒಬ್ಬ ಜಮೀನುದಾರರ ಕಾರು ಓಡಿಸ್ತಿದ್ರು. ಯಾರು, ಯಾವ ಊರು, ಅದು ಬೇಡ. ನಾನಾಗ ಎಂಟನೇ ಕ್ಲಾಸು. ಒಂದು ದಿನ ಯಜಮಾನರ ಮನೆಯವರನ್ನೆಲ್ಲ ಬಣ್ಣಾರಿ ಅಮ್ಮನ ಗುಡಿಗೆ ಕರಕೊಂಡು ಹೋಗಿ, ಮಧ್ಯಾಹ್ನದ ಬಿಸಿಲಲ್ಲಿ ವಾಪಸ್ ಘಾಟ್ ಹತ್ತುತ್ತಿದ್ರು. ದಿಂಬಂ ಘಾಟಿಗೆ 27 ತಿರುವು ಅನ್ನೋದು ನಮ್ಮ ಮಕ್ಕಳಿಗೂ ಗೊತ್ತು. ಹತ್ತನೇ ತಿರುವಿಗೇ ಕಾವಿನ ಮುಳ್ಳು ಕೆಂಪಿಗೆ ತಾಗಿತ್ತು. "ಬುದ್ಧಿ, ಗಾಡಿ ಕಾದದೆ, ಒಂದ್ ಗಳಿಗೆ ನಿಲ್ಸಮ" ಅಂದ್ರಂತೆ. "ಆನೆ ತಿರುಗಾಡೋ ಜಾಗ್ದಲ್ಲಿ ಹೆಣ್ಮಕ್ಳ ಕಟ್ಕೊಂಡು ನಿಲ್ಸಾದಾ, ನಡೀಲಾ" ಅಂತ ಉತ್ತರ ಬಂತು. ಇನ್ನೈದು ತಿರುವು ಹೋಗೋದ್ರಲ್ಲಿ ಬಾನೆಟ್ಟಿನ ಸಂದೀಲಿ ಹಬೆ. ಮುಂದಿನ ತಿರುವಲ್ಲಿ ಗಾಡಿ ಎಳೀಲೇ ಇಲ್ಲ. ಚಿಕ್ಕಪ್ಪ ಚಕ್ರಕ್ಕೆ ಕಲ್ಲು ಕೊಟ್ಟು ಇಳಿದ್ರು.

"ಬಾಯಿ ತಗ್ದು ನೀರ್ ಹುಯ್ಯಿ" ಅಂತ ಅಪ್ಪಣೆ ಆಯ್ತು. ತಡೀರಿ ಅಂದ್ರೂ ಕೇಳಲಿಲ್ಲ. ಬಟ್ಟೆ ಸುತ್ತಿ ರೇಡಿಯೇಟರ್ ಮುಚ್ಚಳ ತಿರುಗಿಸಿದ್ರು, ಕುದಿಯೋ ನೀರು ಬಲಗೈ ಮೇಲೆ ಎಗರಿತು. ಆ ಕೈಯ ತೊಗಲು ಇವತ್ತಿಗೂ ಬೇರೆ ಬಣ್ಣ. ಆ ಉರೀಲೇ ಎರಡು ಬಾಟ್ಲು ತಣ್ಣೀರನ್ನೂ ಹುಯ್ಯಿಸಿದ್ರು. ಕಾದು ಕೆಂಡವಾಗಿದ್ದ ಇಂಜಿನ್ನಿಗೆ ತಣ್ಣೀರು. ಹೆಡ್ ಬಿರುಕು ಬಿಟ್ಟಿತು. ಗಾಡಿಗೆ ಹಗ್ಗ ಕಟ್ಟಿ ಎಳಕೊಂಡು ಹೋದ್ರು. ಅವತ್ತು ಸಂಜೆ ಜಗಲಿ ಮೇಲೆ ಒಂದೇ ಸಾಲಿನ ತೀರ್ಮಾನ: "ನೀರ್ ನೋಡ್ದೆ ಗಾಡಿ ಎತ್ತವ್ನೆ." ಎಂಟು ತಿಂಗಳು ಅರ್ಧ ಸಂಬಳ ಹಿಡಿದುಕೊಂಡ್ರು.

ಚಿಕ್ಕಪ್ಪ ಬೆಳಿಗ್ಗೆ ನೀರು ನೋಡಿದ್ರು. ನಾನು ನಂಬ್ತೀನಿ. ನಾನು ನಂಬೋದು ಸಾಕ್ಷಿ ಆಗಲ್ಲ, ಸರಿ. ಆದರೆ ಗಾಡಿ ನಿಲ್ಲೋಕೆ ಒಂದು ವಾರ ಮುಂಚಿಂದ ಅವರು ಯಜಮಾನರಿಗೆ ಒಂದು ಮಾತು ಹೇಳ್ತಾನೇ ಇದ್ರು. "ಬುದ್ಧಿ, ಸಂತೆ ಬೀದೀಲಿ ನಿಂತ್ರೆ ಮುಳ್ಳು ಮ್ಯಾಕ್ ಹೋಯ್ತದೆ, ರೋಡಿಗೆ ಬಿದ್ರೆ ಇಳೀತದೆ." ಇದೊಂದು ಸಾಲು ನೆನಪಲ್ಲಿ ಇಟ್ಕೊಳ್ಳಿ.

ಡೀಸೆಲ್ಲೋ ಪೆಟ್ರೋಲೋ ಉರಿದು ಬರೋ ಶಾಖದಲ್ಲಿ ಗಾಡಿ ಎಳೆಯೋಕೆ ಸಿಗೋದು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು. ಇನ್ನೊಂದು ಪಾಲು ಸೈಲೆನ್ಸರಿನಲ್ಲಿ ಹೊಗೆ ಜೊತೆ ಹೋಗ್ತದೆ. ಉಳಿದದ್ದರಲ್ಲಿ ಬಹುಪಾಲು ನೀರು ಹೊತ್ತುಕೊಂಡು ಹೋಗಬೇಕು. ವಾಟರ್ ಪಂಪು ಆ ನೀರನ್ನು ಇಂಜಿನ್ನಿನಿಂದ ರೇಡಿಯೇಟರಿಗೆ, ರೇಡಿಯೇಟರಿಂದ ಇಂಜಿನ್ನಿಗೆ ಸುತ್ತಿಸ್ತಾ ಇರ್ತದೆ. ನಡುವೆ ಥರ್ಮೋಸ್ಟಾಟ್ ಅನ್ನೋ ಬಾಗಿಲು. ನೀರು 80-90 ಡಿಗ್ರಿ ಕಾದ ಮೇಲೆ ಅದು ತೆರೀತದೆ. ರೇಡಿಯೇಟರಿಗೆ ಗಾಳಿ ಬೇಕು. ಗಾಡಿ ಓಡ್ತಿದ್ರೆ ಎದುರು ಗಾಳಿ ಸಿಗ್ತದೆ, ನಿಂತಾಗ, ನಿಧಾನಕ್ಕೆ ಹತ್ತುವಾಗ ಫ್ಯಾನೇ ಗತಿ. ಇಷ್ಟು ತಿಳಿದರೆ ಚಿಕ್ಕಪ್ಪನ ಮಾತಿನ ಅರ್ಥ ತಾನಾಗೇ ಬಿಚ್ಚಿಕೊಳ್ತದೆ. ನಿಂತಾಗ ಮುಳ್ಳು ಏರಿ ಓಡಿದಾಗ ಇಳಿದ್ರೆ ನೀರೂ ಇದೆ, ಪಂಪೂ ತಿರುಗ್ತಿದೆ. ತಿರುಗದೆ ಇರೋದು ಫ್ಯಾನು. ಫ್ಯೂಸು, ರಿಲೇ, ಕಳಚಿದ ವೈರು, ಸುಟ್ಟ ಮೋಟರು, ಇಷ್ಟರಲ್ಲಿ ಒಂದು. ಗಾಡಿ ನಿಲ್ಲಿಸಿ ಏಸಿ ಹಾಕಿದರೆ ಬಹುತೇಕ ಕಾರುಗಳಲ್ಲಿ ಫ್ಯಾನು ತಿರುಗಲೇಬೇಕು. ಬಾನೆಟ್ ಎತ್ತಿ ಎರಡು ನಿಮಿಷ ನೋಡಿದ್ರೆ ಸಾಕಿತ್ತು. ಕೈ ಮಾತ್ರ ಫ್ಯಾನಿಂದ ದೂರ ಇರಲಿ. ಇಂಜಿನ್ ಆಫ್ ಆಗಿದ್ರೂ ಅದು ಇದ್ದಕ್ಕಿದ್ದ ಹಾಗೆ ತಿರುಗೋದುಂಟು.

ಇದನ್ನೇ ತಿರುಗಿಸಿ ನೋಡಿ. ಊರೊಳಗೆ ಮುಳ್ಳು ಸುಮ್ಮನಿದ್ದು, ಲೋಡ್ ಹಾಕಿ ದೊಡ್ಡ ರೋಡಲ್ಲಿ ಜೋರು ಓಡಿಸಿದಾಗ ಏರಿದ್ರೆ ಅನುಮಾನ ರೇಡಿಯೇಟರ್ ಮೇಲೆ. ಕೂಲೆಂಟ್ ದುಡ್ಡು ಉಳಿಸೋಕೆ ಬೋರ್ ನೀರು ತುಂಬಿಸ್ತೀವಲ್ಲ, ಆ ಉಪ್ಪು ಒಳಗಿನ ಕೊಳವೆಗಳಲ್ಲಿ ಕಟ್ಟಿಕೊಳ್ತದೆ. ಹೊರಗಡೆ ಮಣ್ಣು, ಹುಳ ಮೆತ್ತಿಕೊಂಡು ಗಾಳಿ ಆಡಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಐದತ್ತು ನಿಮಿಷಕ್ಕೇ ಕಾದ್ರೆ, ಹೋಸ್ ಪೈಪುಗಳನ್ನು ಹುಷಾರಾಗಿ ಮುಟ್ಟಿ ನೋಡಿ. ಮೇಲಿನದು ಸುಡ್ತಿದ್ದು ಕೆಳಗಿನದು ತಣ್ಣಗಿದ್ರೆ ನೀರು ಸುತ್ತುತ್ತಿಲ್ಲ, ಹೆಚ್ಚಾಗಿ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೂತಿದೆ ಅಂತ. ಹೊರಗೆ ಸೋರಿಕೆ ಕಾಣದೆ ದಿನಾ ನೀರು ಕಮ್ಮಿ ಆಗ್ತಿದ್ರೆ ಅದು ಒಳಗಿನ ಕಾಯಿಲೆ. ಹೆಡ್ ಗ್ಯಾಸ್ಕೆಟ್ ಹೋದರೆ ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲದೆ ಬರ್ತದೆ. ಕೂಲೆಂಟ್ ಹಾಕಿದ ಗಾಡಿಯಾದ್ರೆ ಅದಕ್ಕೆ ಸಿಹಿ ವಾಸನೆ. ಆಯಿಲ್ ಮುಚ್ಚಳದ ಒಳಗೋ ಡಿಪ್‌ಸ್ಟಿಕ್ಕಿನಲ್ಲೋ ಆಯಿಲ್ಲು ಹಾಲು ಹಾಕಿದ ಟೀ ತರ ಕಾಣ್ತದೆ. ತಣ್ಣಗಿದ್ದಾಗ ರೇಡಿಯೇಟರ್ ಬಾಯಿ ತೆಗೆದು ಸ್ಟಾರ್ಟ್ ಮಾಡಿದ್ರೆ ಬುಳುಬುಳು ಗುಳ್ಳೆ ಏಳ್ತಾನೇ ಇರ್ತದೆ. ಒಂದೇ ಗುರುತು ನೋಡಿ ತೀರ್ಪು ಕೊಡಬೇಡಿ. ಚಳೀಲಿ ಬೆಳಗಿನ ಹೊತ್ತು ಎಲ್ಲ ಗಾಡೀಲೂ ಸ್ವಲ್ಪ ಬಿಳಿ ಹಬೆ ಬರ್ತದೆ, ಸ್ವಲ್ಪ ಹೊತ್ತಿಗೆ ನಿಲ್ತದೆ. ಅದು ಕಾಯಿಲೆ ಅಲ್ಲ.

ಇನ್ನೊಂದು ಮೋಸದ ಗುರುತು ಇದೆ. ಕೆಂಪಿಗೆ ಹೋಗಿದ್ದ ಮುಳ್ಳು ದಿಢೀರನೆ ಕೆಳಗಿಳಿದ್ರೆ ಖುಷಿ ಪಡಬೇಡಿ. ನೀರೆಲ್ಲ ಖಾಲಿಯಾಗಿ, ಕಾವು ಅಳೆಯೋ ಸೆನ್ಸರು ಬರೀ ಗಾಳೀಲಿ ಕೂತಿರಬಹುದು. ಹಂಗೇ ಓಡಿಸಿದ್ರೆ ಇಂಜಿನ್ ಸೀಜ್.

ಘಾಟಿನ ನಡುವೆ ಕಾದರೆ ಮೊದಲು ಏಸಿ ಆಫ್ ಮಾಡಿ. ಹೀಟರ್ ಇದ್ದರೆ ಪೂರ್ತಿ ಆನ್ ಮಾಡಿ, ಸೆಖೆ ಆದ್ರೂ ತಡಕೊಳ್ಳಿ, ಇಂಜಿನ್ನಿನ ಕಾವನ್ನು ಅದು ಒಂದಿಷ್ಟು ಹೊರಗೆ ಎಳೀತದೆ. ಗೇರು ಇಳಿಸಿ. ಟಾಪಲ್ಲೇ ಎಳೆಸಿದ್ರೆ ಇಂಜಿನ್ ನಿಧಾನಕ್ಕೆ ತಿರುಗ್ತದೆ, ಪಂಪೂ ನಿಧಾನ ಆಗ್ತದೆ, ಕಾವು ಏರ್ತದೆ. ಮುಳ್ಳು ಕೆಂಪಿಗೆ ತಾಗಿದ್ರೆ ಜಾಗ ನೋಡಿ ಪಕ್ಕಕ್ಕೆ ಹಾಕಿ ಆಫ್ ಮಾಡಿ. ಮುಚ್ಚಳ ಮುಟ್ಟಬೇಡಿ, ಯಾರೇ ಹೇಳಿದ್ರೂ. ಆ ಮುಚ್ಚಳ ಒಳಗಿನ ನೀರನ್ನು ಒತ್ತಡದಲ್ಲಿ ಇಟ್ಟಿರ್ತದೆ, ಅದಕ್ಕೇ ನೀರು 100 ಡಿಗ್ರಿ ದಾಟಿದ್ರೂ ಕುದಿಯದೆ ಇರ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಒಂದೇ ಸಲ ಹಬೆಯಾಗಿ ಮುಖಕ್ಕೆ ಎಗರ್ತದೆ. ಅರ್ಧ ಮುಕ್ಕಾಲು ಗಂಟೆ ಕಾಯಿರಿ. ಹುಲಿ ಕಾಡಲ್ಲಿ ಕಾಯೋದು ಸುಲಭ ಅಂತ ನಾನು ಹೇಳ್ತಿಲ್ಲ, ಗಾಡಿಯೊಳಗೇ ಗ್ಲಾಸ್ ಏರಿಸಿಕೊಂಡು ಕಾಯಿರಿ. ಕುಟ್ಟಿಯಾನೆ ಅಂತ ಕರೀತೀವಲ್ಲ ಆ ಗಾಡಿ ಕೆಟ್ಟು ನಿಂತಾಗ ನಿಜವಾದ ಆನೆ ಬಂದು ನೋಡಿಕೊಂಡು ಹೋದ ಕಥೆ ಈ ಸಭೇಲೇ ಎರಡು ಮೂರು ಜನರ ಹತ್ರ ಇದೆ.

ಕಾಯೋದು ಬಿಟ್ರೆ ಇನ್ನು ಉಳಿದ ಕಾಯಿಲೆಗಳು. ಸ್ಟಾರ್ಟ್ ಆಗ್ತಿಲ್ಲ ಅಂತ ಫೋನು ಮಾಡಿದ್ರೆ ಮೆಕ್ಯಾನಿಕ್ ಕೇಳೋ ಮೊದಲ ಪ್ರಶ್ನೆ, "ಸೆಲ್ಫ್ ಹೊಡೀತದಾ?" ಅಂತ. ಬರೀ ಟಕ್ ಟಕ್ ಅಂದು ಲೈಟು ಮಂಕಾದ್ರೆ ಬ್ಯಾಟರಿ, ಇಲ್ಲಾ ಟರ್ಮಿನಲ್ಲಿಗೆ ಹಿಡಿದ ಬಿಳಿ ಪುಡಿ. ಸೆಲ್ಫ್ ಜೋರಾಗಿ ಹೊಡೆದೂ ಹತ್ತಿಕೊಳ್ಳದಿದ್ರೆ ಪೆಟ್ರೋಲ್ ಗಾಡೀಲಿ ಕಿಡಿ ಇಲ್ಲಾ ಪೆಟ್ರೋಲು, ಎರಡರಲ್ಲೊಂದು ಬರ್ತಿಲ್ಲ. ಡೀಸೆಲ್ ಗಾಡೀಲಿ ಟ್ಯಾಂಕು ಖಾಲಿಯಾದ ಮೇಲೋ ಫಿಲ್ಟರ್ ಬದಲಿಸಿದ ಮೇಲೋ ಹಿಂಗಾದ್ರೆ ಲೈನಲ್ಲಿ ಏರ್ ಹಿಡಿದಿದೆ. ಕೈಪಂಪು ಗಟ್ಟಿಯಾಗೋ ತನಕ ಒತ್ತಬೇಕು. ಒಂದು ಗುರುತು ಮಾತ್ರ ಗಂಭೀರ. ಓಡ್ತಿದ್ದ ಗಾಡಿ ಸದ್ದಿಲ್ಲದೆ ಆಫ್ ಆಗಿ, ಆಮೇಲೆ ಸೆಲ್ಫ್ ಹೊಡೆದ್ರೆ ಇಂಜಿನ್ನು ಭಾರವೇ ಇಲ್ಲದ ಹಾಗೆ ಹಗುರಾಗಿ ಗಿರ್ ಅಂತ ತಿರುಗಿದ್ರೆ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಮತ್ತೆ ಮತ್ತೆ ಸೆಲ್ಫ್ ಹೊಡೀಬೇಡಿ. ಒಳಗೆ ವಾಲ್ವು ಪಿಸ್ಟನ್ನಿಗೆ ಬಡೀತವೆ.

ಹೊಗೆ ಬಣ್ಣ ಎಲ್ಲರಿಗೂ ಕಾಣ್ತದೆ, ಓದೋರು ಕಮ್ಮಿ. ನೀಲಿ ಹೊಗೆ ಅಂದ್ರೆ ಇಂಜಿನ್ನು ಆಯಿಲ್ ತಿಂತಿದೆ. ರಾತ್ರಿಯೆಲ್ಲ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಸಲ ನೀಲಿ ಬಂದ್ರೆ ವಾಲ್ವ್ ಸೀಲು, ಯಾವಾಗಲೂ ಬರ್ತಿದ್ರೆ ರಿಂಗು, ಬೋರು. ಕಪ್ಪು ಹೊಗೆ ಅಂದ್ರೆ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ನಮ್ಮ ಮಣ್ಣುರಸ್ತೆ ಧೂಳಿಗೆ ಅದು ಬೇಗ ತುಂಬ್ತದೆ. ಇಂಜೆಕ್ಟರು ದುಬಾರಿ, ಫಿಲ್ಟರು ಅಗ್ಗ, ಅಗ್ಗದ್ದನ್ನು ಮೊದಲು ನೋಡೋದು.

ಸದ್ದಿನ ವಿಷಯ ಬರಹದಲ್ಲಿ ಹೇಳೋದು ಕಷ್ಟ. ಮೇಲಿಂದ ಬರೋ ಟಿಕಟಿಕ ಟ್ಯಾಪೆಟ್ಟಿನದು, ಗ್ಯಾರೇಜಿಗೆ ಹೋಗೋ ತನಕ ಟೈಮ್ ಇದೆ. ಕೆಳಗಿಂದ, ಬಾಗಿಲು ಬಡಿದ ಹಾಗೆ ಡಬ್ ಡಬ್ ಅಂದು, ಎಕ್ಸಲೇಟರ್ ಒತ್ತಿದ್ರೆ ಜಾಸ್ತಿ ಆದ್ರೆ ಬೇರಿಂಗು. ಅಲ್ಲೇ ನಿಲ್ಲಿಸಬೇಕು. ಆಯಿಲ್ ಡಬ್ಬದ ಚಿತ್ರದ ಕೆಂಪು ಲೈಟು ಓಡುವಾಗ ಹತ್ತಿದ್ರೂ ಅಷ್ಟೇ, "ಇನ್ನೆರಡು ಕಿಲೋಮೀಟರ್ ಊರು" ಅನ್ನೋ ಮಾತಿಲ್ಲ.

ಈಗಿನ ಕಾರುಗಳಲ್ಲಿ ಇಂಜಿನ್ ಚಿತ್ರದ ಹಳದಿ ಲೈಟು ಬರ್ತದೆ. ಸ್ಟೀರಿಂಗಿನ ಕೆಳಗೆ ಒಂದು ಸಾಕೆಟ್ ಇದೆ, ಅದಕ್ಕೆ ಸ್ಕ್ಯಾನರ್ ಚುಚ್ಚಿದ್ರೆ ನಂಬರ್ ತೋರಿಸ್ತದೆ. ಪಿ0301 ಅಂತ ಬಂದ್ರೆ ಒಂದನೇ ಸಿಲಿಂಡರ್ ಮಿಸ್ಸಿಂಗ್. ನೋವು ಎಲ್ಲಿ ಅಂತ ಸ್ಕ್ಯಾನರ್ ಹೇಳ್ತದೆ, ಯಾಕೆ ಅಂತ ಹೇಳಲ್ಲ. ಆ ಮಿಸ್ಸಿಂಗು ಪ್ಲಗ್ಗಿಂದ ಇರಬಹುದು, ಕಾಯಿಲಿಂದ ಇರಬಹುದು, ಇಂಜೆಕ್ಟರಿಂದಲೂ ಇರಬಹುದು. ಒಂದನೇ ಸಿಲಿಂಡರಿನ ಕಾಯಿಲನ್ನು ಎರಡನೇದಕ್ಕೆ ಹಾಕಿ ಓಡಿಸಿ. ನಂಬರ್ ಪಿ0302 ಆದ್ರೆ ಕಾಯಿಲೇ ಕಳ್ಳ. ಪಿ0301 ಆಗೇ ಇದ್ರೆ ಕಾಯಿಲ್ ಬಚಾವ್, ಮುಂದಿಂದು ನೋಡಿ. ಪರೀಕ್ಷೆ ಮಾಡದೆ ಒಂದಾದ ಮೇಲೊಂದು ಸಾಮಾನು ಬದಲಿಸೋದು ಓನರ್ ದುಡ್ಡಿಗೂ ನಮ್ಮ ಹೆಸರಿಗೂ ನಷ್ಟ.

ಇದನ್ನೆಲ್ಲ ನನಗೆ ಕಾಲೇಜು ಕಲಿಸಲಿಲ್ಲ. ಪಿಯುಸಿ ಆದಮೇಲೆ ರಜೇಲಿ ಒಂದು ಶೆಡ್ಡಿಗೆ ಸೇರಿದ್ದೆ. ಅಲ್ಲಿ ನಾನು ಸಾಮಾನು ತೊಳೆಯೋನು. ಇಂಜಿನ್ ಬಿಚ್ಚೋ ಹೊತ್ತಿಗೆ ಸರಿಯಾಗಿ ನನ್ನನ್ನು ಟೀಗೆ ಕಳಿಸೋರು. ಮೊದಮೊದಲು ಕಾಕತಾಳೀಯ ಅಂದ್ಕೊಂಡೆ. ಟೀ ತರೋದು ನಾನೇ, ಕುಡಿಯೋಕೆ ನನಗೆ ಬೇರೆ ಲೋಟ ಅಂತ ಗೊತ್ತಾದ ಮೇಲೆ ಬಿಟ್ಟೆ. ಆಮೇಲೆ ಚಾಮರಾಜನಗರದಲ್ಲಿ ಕಾಲೇಜು ಸೇರಿದಾಗ ಭಾನುವಾರಕ್ಕೆ ಇನ್ನೊಂದು ಶೆಡ್ಡು ಸಿಕ್ತು. ಅಲ್ಲಿನ ಅಣ್ಣ ಮೊದಲನೇ ದಿನವೇ ನನ್ನ ಕೈ ಹಿಡಿದು ಇಂಜಿನ್ ಮೇಲೆ ಇಡಿಸಿದ್ರು. "ಅದುರೋದು ಗೊತ್ತಾಗ್ತದಾ? ನಾಕರಲ್ಲಿ ಒಂದು ಕೆಲ್ಸ ಮಾಡ್ತಿಲ್ಲ. ಯಾವುದು ಅಂತ ಕಂಡುಹಿಡಿ, ಆಮೇಲೆ ಸ್ಪ್ಯಾನರ್ ಮುಟ್ಟು" ಅಂದ್ರು. ಯಾರ ಗಾಡಿ ಬಂದ್ರೂ ಬಾನೆಟ್ ಎತ್ತೋಕೆ ಮುಂಚೆ ಡ್ರೈವರನ್ನ ಕೂರಿಸಿ ಅವರು ಕೇಳೋರು: ಯಾವಾಗ ಶುರುವಾಯ್ತು, ಎಲ್ಲಿ ಜಾಸ್ತಿ ಆಗ್ತದೆ, ಅದಕ್ಕೆ ಮುಂಚೆ ಏನು ಬದಲಿಸಿದ್ರಿ. ಒಂದು ಭಾನುವಾರ ಒಬ್ಬ ಡ್ರೈವರ್ ಬಂದು "ಸಿಗ್ನಲಲ್ಲಿ ನಿಂತ್ರೆ ಕಾಯ್ತದೆ, ಬೈಪಾಸಲ್ಲಿ ಸರಿ ಹೋಯ್ತದೆ" ಅಂದ. ಅಣ್ಣ ನೇರ ಫ್ಯೂಸ್ ಬಾಕ್ಸಿಗೆ ಕೈ ಹಾಕಿದ್ರು. ಹತ್ತು ನಿಮಿಷದ ಕೆಲಸ. ನಾನು ಟಾರ್ಚ್ ಹಿಡಿದು ನಿಂತಿದ್ದೆ, ಕೈ ನಡುಗ್ತಿತ್ತು. ಆ ಮಾತು ನಾನು ಎಂಟನೇ ಕ್ಲಾಸಲ್ಲೇ ಕೇಳಿದ್ದೆನಲ್ಲ.

ಆ ವಾರ ಊರಿಗೆ ಬಂದು ಚಿಕ್ಕಪ್ಪನಿಗೆ ಹೇಳಿದೆ. ಫ್ಯೂಸೋ, ರಿಲೇನೋ, ಮೋಟರೋ, ಅದು ಇನ್ನು ಗೊತ್ತಾಗಲ್ಲ, ಆ ಕಾರು ಎಂದೋ ಗುಜರಿಗೆ ಹೋಯ್ತು. ಆದರೆ ನೀರಿಲ್ಲದೆ ಓಡಿಸಿದ ಗಾಡಿ ಒಂದು ವಾರ ಸಂತೇಲಿ ಏರಿ ರೋಡಲ್ಲಿ ಇಳಿಯೋ ಆಟ ಆಡಲ್ಲ ಅಂದೆ. ಚಿಕ್ಕಪ್ಪ ತುಂಬ ಹೊತ್ತು ಸುಮ್ಮನಿದ್ರು. ಬಲಗೈ ಸವರಿಕೊಂಡು, "ಹಂಗಾರೆ ನಾನ್ ಹೇಳ್ತಿದ್ದುದ್ದು ಸರಿಯಾಗೇ ಇತ್ತಾ ಮಗ?" ಅಂದ್ರು. ಇತ್ತು ಅಂದೆ. "ಹತ್ತನೇ ತಿರುವಲ್ಲಿ ನಿಲ್ಸ್‌ಬೇಕಾಗಿತ್ತು. ಅದು ಮಾತ್ರ ನನ್ ತಪ್ಪು" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಅವರ ಜಾಗದಲ್ಲಿ ಅವತ್ತು ನಾನಿದ್ದಿದ್ರೆ ನಿಲ್ಲಿಸ್ತಿದ್ದೆನಾ, ಗೊತ್ತಿಲ್ಲ.

ಅದಕ್ಕೇ ಗಾಡಿ ಓಡಿಸೋ ನಿಮಗೆಲ್ಲ ಒಂದು ಕೆಲಸ ಹೇಳ್ತೀನಿ. ಹತ್ತು ರೂಪಾಯಿಯ ಒಂದು ನೋಟ್‌ಬುಕ್ಕು ಗಾಡೀಲಿ ಇಟ್ಕೊಳ್ಳಿ. ತಾರೀಕು, ಕಿಲೋಮೀಟರ್, ಬೆಳಿಗ್ಗೆ ನೋಡಿದ ನೀರು, ಆಯಿಲ್ಲು ಬರೀರಿ. ಏನಾದ್ರೂ ಬೇರೆ ತರ ಕಂಡ್ರೆ, ಎಲ್ಲಿ ಎಷ್ಟೊತ್ತಿಗೆ ಅಂತ ಬರೀರಿ. ಓನರಿಗೆ ಹೇಳಿದ ದಿನ ಹೇಳಿದೆ ಅಂತ ಬರೀರಿ, ಫೋನಲ್ಲಿ ಮೆಸೇಜೂ ಹಾಕಿ. ಬಾಯಿಮಾತು ಜಗಲಿ ಮೇಲೆ ನಿಲ್ಲಲ್ಲ. ಕನ್ನಡದಲ್ಲಿ ಬರೆದ್ರೆ ಸತ್ಯಮಂಗಲದ ಮೆಕ್ಯಾನಿಕ್ಕಿಗೆ ಹೆಂಗೆ ಅಂತ ಅವತ್ತು ಸಭೇಲಿ ಒಬ್ಬ ತಮ್ಮ ಕೇಳಿದ. ಬರೆದಿದ್ದು ನಿನಗೆ, ಅವರಿಗೆ ಬಾಯಲ್ಲಿ ತಮಿಳಲ್ಲಿ ಹೇಳು. ಸೆಲ್ಫು, ಏರ್‌ಲಾಕು, ಮಿಸ್ಸಿಂಗು, ಇವು ಘಾಟಿನ ಮೇಲೂ ಕೆಳಗೂ ಒಂದೇ.

ಅಕ್ಕತಂಗಿಯರು ಇದು ನಮಗಲ್ಲ ಅಂದುಕೊಳ್ಳೋದು ಬೇಡ. ಸ್ಕೂಟಿ ಓಡಿಸೋರು ನಿಮ್ಮಲ್ಲೂ ಇದ್ದೀರಿ, ಪ್ಲಗ್ ಬಿಚ್ಚಿ ಬಣ್ಣ ನೋಡೋದನ್ನು ಅಲ್ಲಿಂದಲೇ ಶುರು ಮಾಡೋಣ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಅಂಬೇಡ್ಕರ್ ಭವನದ ಮುಂದೆ ಒಂದು ಹಳೇ ಇಂಜಿನ್ ಬಿಚ್ಚಿ ಇಟ್ಟಿರ್ತೀವಿ. ಹಳೇ ಬಟ್ಟೆ ಹಾಕ್ಕೊಂಡು ಬನ್ನಿ, ಆಯಿಲ್ ಕಲೆ ಹೋಗಲ್ಲ. ಚಿಕ್ಕಪ್ಪನೂ ಬರ್ತಾರೆ, ಘಾಟಲ್ಲಿ ಗೇರು ಇಳಿಸೋದು ಹೇಳಿಕೊಡ್ತೀನಿ ಅಂದಿದ್ದಾರೆ. ಟೀ ಇರ್ತದೆ, ಲೋಟ ಎಲ್ಲರಿಗೂ ಒಂದೇ ತರದ್ದು.

ಜೈ ಭೀಮ್.